ಬೀಗತಿ ಟಬ್ಬಿನ ಜಿಡ್ಡು

ಬಾದಾಮಿಯಾಗ ನನ್ನ ಬೀಗತಿ ಮನಿ ಹಿತ್ತಲದಾಗ ಒಂದು ಬಿಸಿನೀರಿನ ಟಬ್ ಐತಿ. ಮಗಳನ್ನ ಕೊಟ್ಟ ಮನಿ ಅದು. ಆ ಮನಿ ದೊಡ್ಡದೈತಿ ಅಂದ್ರ ನಾ ಖುಷಿ ಪಡಬೇಕು, ಪಡತೇನಿ. ಆದರ ಆ ಟಬ್ ಕಣ್ಣಿಗೆ ಬಿದ್ದ ಕೂಡಲೇ ನನ್ನ ಹೊಟ್ಟಿಯೊಳಗ ಯಾರೋ ಒಣ ಮೆಣಸಿನಕಾಯಿ ಕುಟ್ಟಿದಂಗ ಆಗತೈತಿ.

ಗವಿ, ಗುಡಿ ನೋಡಾಕ ಬರೋ ಮಂದಿ ಉಳಕೊಳ್ಳಲಿ ಅಂತ ಅವರು ಮನಿ ಹಿಂದ ಖೋಲಿ ಕಟ್ಟಿಸ್ಯಾರ. ಮೆಟ್ಟಲ ಹತ್ತಿ ಇಳದು ಕಾಲು ಸೋತ ಮಂದಿ ಸಂಜಿಮುಂದ ಟಬ್ಬಿನಾಗ ಕುಂತು ಕೆಂಪು ಗುಡ್ಡ ನೋಡತಾರ. ಗುಂಡಗ ಐತಿ ಅದು, ಬಾವಿ ಕಟ್ಟಿಯಷ್ಟು ಅಗಲ. ಒಳಗ ಸುತ್ತಲೂ ಕೂಡಾಕ ಕಟ್ಟಿ. ಅಂಚಿನ ಗುಂಡಿ ಒತ್ತಿದರ ಮೋಟಾರ ಚಾಲೂ ಆಗಿ ಬುಡದಿಂದ ನೀರು ಬುಸುಬುಸು ಏಳತೈತಿ. ಮೊದಲ ಸಲ ನೋಡಿದಾಗ ಅನ್ನಕ್ಕ ಎಸರು ಬಂತು ಅಂತ ತಿಳಕೊಂಡಿದ್ದೆ.

ನಾ ಸಾಲಿ ಕಲ್ತದ್ದು ನಾಕನೇ ಇಯತ್ತೆ ತನಕ. ಆದರ ಖುಷಿ ಹೆಚ್ಚಾಗಿ, ಹೇಳಾಕ ಎದುರಿಗೆ ಯಾರೂ ಸಿಗಲಿಲ್ಲಂದ್ರ ಕೈ ತಾನ ಬರೀತೈತಿ. ಈಗ ಹಂಗ ಆಗೇತಿ ನನಗ. ಓಣಿಯಾಗ ಎಲ್ಲಾರಿಗೂ ಹೇಳಿ ಮುಗಿಸೇನಿ, ಇನ್ನೂ ಉಳದೈತಿ.

ನನ್ನ ಮಗಳು, ಅಳಿಯ ಇಬ್ಬರೂ ಬಾಗಲಕೋಟಿಯಾಗ ನೌಕರಿ ಮಾಡತಾರ. ಅವರಿಗೆ ಒಂದ ಕೂಸು, ಹೆಣ್ಣು, ಮೂರು ತುಂಬೇತಿ. ಆ ಕೂಸು ಮೆಟ್ಟಲ ಮ್ಯಾಲಿಂದ ಬಿದ್ದು ತೊಡಿ ಎಲುಬು ಮುರಕೊಂಡಿತು. ಪ್ಲಾಸ್ಟರ ಹಾಕಿದರು, ತಗದರು, ಎಲುಬು ಚೊಲೋ ಕೂಡೇತಿ ಅಂದರು. ಆದರ ಕೂಸು ಕಾಲು ನೆಲಕ್ಕ ಊರಲಿಲ್ಲ. ಎತ್ತಿ ನಿಲ್ಲಿಸಿದರ ಎರಡೂ ಕಾಲು ಮ್ಯಾಲ ಮಡಚಿಕೊಂಡು ಬಾವಲಿ ಹಂಗ ಕೊರಳಿಗೆ ಜೋತುಬೀಳತಿತ್ತು. "ಕಾಲಿಗೆ ಏನೂ ಆಗಿಲ್ಲ, ಮನಸಿಗೆ ಅಂಜಿಕಿ ಹೊಕ್ಕೈತಿ. ದಿನಾ ಬೆಚ್ಚಗಿನ ನೀರಾಗ ನಿಲ್ಲಿಸ್ರಿ, ನೀರು ಭಾರ ಎತ್ತಿಕೊಳ್ತೈತಿ, ಅಂಜಿಕಿ ಹೋಗತೈತಿ" ಅಂದರಂತ ದವಾಖಾನಿಯಾಗ.

ಬೆಚ್ಚಗಿನ ನೀರು ಎಲ್ಲೈತಿ? ಬೀಗತಿ ಟಬ್ಬಿನಾಗ. ನನ್ನ ಇಳಕಲ್ಲ ಮನ್ಯಾಗ ತಾಮ್ರದ ಹಂಡೆ ಐತಿ, ಬಕೀಟು ಐತಿ. ಅದರಾಗ ಕೂಸನ್ನ ಎಲ್ಲಿ ನಿಲ್ಲಿಸಲಿ? ಹಂಗಾಗಿ ಕೂಸು ಬಾದಾಮಿಗೆ ಹೋತು. ಎಷ್ಟು ದಿನ ಅಂದ್ರ, ನಡಿಯೋತನಕ.

ಕೂಸು ನಡೀಲಿ ಅಂತ ನಾ ತುಳಸಿಗೇರಿ ಹಣಮಪ್ಪಗ ಬೇಡಿಕೊಂಡೆ. ಆಮ್ಯಾಲೆ ಗೊತ್ತಾತು, ಬೀಗತೀನೂ ಅವಗ ಬೇಡಿಕೊಂಡಾಳ. ಈ ಜಿಲ್ಲಾದಾಗ ಬ್ಯಾರೆ ದೇವರ ಇರಲಿಲ್ಲೇನು ಆಕಿಗೆ? ನಾಳೆ ಕೂಸು ನಡದರ ಹಣಮಪ್ಪ ಯಾರ ಹರಕಿಗೆ ಜಮಾ ಹಿಡೀಬೇಕು?

ಮನಸು ತಡೀಲಿಲ್ಲ. ಎಳ್ಳೆಣ್ಯಾಗ ಅಜವಾನ, ಬಳ್ಳೊಳ್ಳಿ ಹಾಕಿ ಕಾಸಿ, ಬಾಟಲಿ ತುಂಬಿಕೊಂಡು ಬಸ್ ಹತ್ತಿದೆ. ಹುನಗುಂದ ದಾಟೂದರಾಗ ಬಾಟಲಿ ಸೋರಿ ನನ್ನ ಚೀಲ, ಬಾಜೂ ಕುಂತವನ ಧೋತರ ಎರಡೂ ಘಮಘಮ ಅನ್ನಾಕತ್ತಿದ್ದವು.

ನನ್ನ ನೋಡಿದ ಕೂಡಲೇ ಕೂಸು ಚೀರಿತು, "ಇಳಕಲ್ಲ ಆಯಿ ಬಂದ್ಲು!" ಅಜ್ಜಿಗೆ ಆಯಿ ಅಂತಾರ ನಮ್ಮ ಕಡೆ. ಬೀಗತಿಗೆ ಬರೇ ಆಯಿ ಅಂತೈತಿ. ನನಗ ಮಾತ್ರ ಬಸ್ಸಿನ ಬೋರ್ಡಿನಂಗ ಊರ ಹೆಸರು ಹಚ್ಚಿ ಕರೀತೈತಿ.

ಮರುದಿನ ಮುಂಜಾನೆ ಎದ್ದು ಕೂಸನ್ನ ಕಾಲ ಮ್ಯಾಲೆ ಹಾಕಿಕೊಂಡು ಎಣ್ಣಿ ಹಚ್ಚಿ ತಿಕ್ಕಿದೆ. ನನ್ನ ಮಕ್ಕಳ ಕಾಲು ನೆಟ್ಟಗಾದದ್ದು ಹಿಂಗ ತಿಕ್ಕೆ. ಎಣ್ಣಿ ಇಂಗಲಿ ಅಂತ ಹೊತ್ತು ಬಿಟ್ಟು, ಬೀಗತಿ ನೀರು ತಯಾರ ಮಾಡಿದಳು ಅಂತ ಎಣ್ಣಿ ಮೈಲೇ ಟಬ್ಬಿಗೆ ಇಳಿಸಿದೆ. ಬೀಗತಿ ಕೂಸಿಗಂತ ನೀರಿನ ಬಿಸಿ ಇಳಿಸಿ ಇಟ್ಟಿದ್ದಳು. ತಾನೂ ಇಳದು ಕೂಸಿನ ಎರಡೂ ಬಗಲಿಗೆ ಕೈ ಕೊಟ್ಟು ಆಡಿಸಿದಳು. ಕಾಲು ಊರಲಿಲ್ಲ ಖರೆ, ನಕ್ಕಿತು. ಕೂಸು ಆಕಿ ಕೈಯಾಗ ನಗತಿತ್ತು, ನಾ ದಂಡ್ಯಾಗ ಟಾವೆಲ್ ಹಿಡಕೊಂಡು ನಿಂತಿದ್ದೆ.

ಅದರ ಮರುದಿನ ನೋಡತೇನಿ, ನೀರ ಮ್ಯಾಲೆ ಬಣ್ಣಬಣ್ಣದ ಪದರ. ಟಬ್ಬಿನ ಒಳಮೈಗೆ ಸುತ್ತಲೂ ಮಬ್ಬು ಮಬ್ಬು ಜಿಡ್ಡಿನ ಗೆರಿ. ಅಲ್ಲಲ್ಲೆ ಬೂದಿ ಬಣ್ಣದ ಬುರುಗು. ಬೀಗತಿ ನೀರು ಪರೀಕ್ಷೆ ಮಾಡೋ ಒಂದು ಕಾಗದದ ಪಟ್ಟಿ ಅದ್ದಿ, ಅದರ ಬಣ್ಣ ಡಬ್ಬಿ ಮ್ಯಾಲಿನ ಬಣ್ಣದ ಜೋಡಿ ಹಿಡದು ನೋಡಿದಳು. ದವಾಖಾನಿ ನರ್ಸಬಾಯಿ ಹಂಗ ತಲಿ ಅಲ್ಲಾಡಿಸಿದಳು. ಆಮ್ಯಾಲೆ ಒಳಗ ಹೋಗಿ ಟೆನ್ನಿಸ್ ಚೆಂಡು ತಂದು ನೀರಾಗ ತೇಲಬಿಟ್ಟಳು.

"ಕೂಸಿಗೆ ಆಡಾಕೇನ್ರಿ?" ಅಂದೆ.

"ಅಲ್ರಿ ಅಕ್ಕಾರ. ಇದರ ಮ್ಯಾಲಿನ ತುಪ್ಪಳ ಎಣ್ಣಿ ಹೀರಕೊಳ್ತೈತಿ. ಖೋಲಿಗೆ ಬಂದೋರು ತಲಿಗೆ ಎಣ್ಣಿ ಹಚ್ಚಿಕೊಂಡು, ಮೈಗೆ ಕ್ರೀಮ್ ಬಳಕೊಂಡು ಇಳೀತಾರ ನೋಡ್ರಿ, ಅದಕ್ಕ ಇಟ್ಟೇನಿ."

"ಈಗ ಖೋಲಿಯಾಗ ಯಾರೂ ಇಲ್ಲಲ್ರಿ?"

ಬೀಗತಿ ನನ್ನ ಮುಖ ನೋಡದ ಹೇಳಿದಳು, "ಎಣ್ಣಿ ಬಿದ್ದರ ಔಷಧದ ಪುಡಿ ಎಷ್ಟು ಹಾಕಿದರೂ ಸಾಲಂಗಿಲ್ಲ. ನೀರು ಕೆಡತೈತಿ, ಕೂಸಿನ ಮೈಗೆ ಗುಳ್ಳಿ ಏಳತಾವು. ಎಣ್ಣಿ ಆಮ್ಯಾಲೆ ಹಚ್ಚೋಣ್ರಿ. ಮೊದಲ ಮೈ ತೊಳದು ಟಬ್ಬಿಗೆ ಬಿಡೋಣು, ಬಂದ ಮ್ಯಾಲೆ ನಿಮ್ಮ ಎಣ್ಣಿ."

ಮಾತಿನಾಗ ತಪ್ಪಿಲ್ಲ, ಒಪ್ಪತೇನಿ. ಆದರ ಆ ಚೆಂಡು! ಹಳದಿ ಮಾರಿ ಹೊತ್ತುಕೊಂಡು, ನನ್ನ ಎಣ್ಣಿ ಕುಡಕೋತ, ನನ್ನ ಮುಂದ ಗಿರಗಿರ ತಿರಗತಿತ್ತು. ಊರಿಂದ ಕಾಸಿ ತಂದ ಎಣ್ಣಿ ಹೀರಾಕ ಒಂದು ಚೆಂಡು ಇಟ್ಟಾಳಲ್ಲ ಇಕಿ ಅಂತ ನನ್ನ ಮೈ ಉರೀತು.

ಅವತ್ತು ಅಮಾಸಿ. ಬೀಗತಿ ಮಹಾಕೂಟದ ಗುಡಿಗೆ ಹೊಂಟಳು. "ನಾ ಬರೋತನಕ ಟಬ್ ಮುಟ್ಟಬ್ಯಾಡ್ರಿ ಅಕ್ಕಾರ, ಹಂಗ ಬಿಡ್ರಿ, ಬಂದು ನೋಡತೇನಿ" ಅಂತ ಹೇಳಿ ಹೋದಳು. ಮುಟ್ಟಬ್ಯಾಡ್ರಿ ಅಂದದ್ದು ನನಗ ಹಿಡಸಲಿಲ್ಲ. ಜಿಡ್ಡು ತಗಿಯೋದು ನನಗ ಬರಂಗಿಲ್ಲೇನು? ಇಳಕಲ್ಲದಾಗ ನಾವು ರೇಷ್ಮಿ ಸೀರಿ ಎದರಾಗ ತೊಳೀತೇವಿ? ಅಂಟವಾಳಕಾಯಾಗ. ಬಂಗಾರದ ಸರ ಎದರಾಗ ತಿಕ್ಕತೇವಿ? ಅಂಟವಾಳಕಾಯಾಗ. ಎಂಥಾ ಎಣ್ಣಿ ಇದ್ದರೂ ಬಿಡತೈತಿ ಅದು. ಬೀಗತಿ ಸೀರಿ ತೊಳದುಕೊಡೂಣು ಅಂತ ಒಂದು ಗಂಟು ಚೀಲದಾಗ ತಂದೂ ಇದ್ದೆ. ಬಿಸಿನೀರಾಗ ನೆನಿಹಾಕಿ, ಬೀಜ ತಗದು, ಕೈಲೆ ಕಿವುಚಿ, ಸೋಸಿ, ಅಷ್ಟೂ ನೀರು ಟಬ್ಬಿಗೆ ಸುರವಿದೆ. ಎಲ್ಲಾ ಕಡೆ ಕೂಡಲಿ ಅಂತ ಗುಂಡಿ ಒತ್ತಿದೆ.

ಬಕೀಟಿನಾಗ ಅಂಟವಾಳ ಕಲಸಿದರ ಎಷ್ಟು ಬುರುಗು ಬರತೈತಿ ನನಗ ಗೊತ್ತು. ಮೋಟಾರ ಕಲಸಿದರ ಎಷ್ಟು ಬರತೈತಿ ಅದು ಗೊತ್ತಿರಲಿಲ್ಲ. ಮೊದಲು ಟಬ್ ತುಂಬಿತು, ಆಮ್ಯಾಲೆ ಗೋಪುರ ಎದ್ದಿತು. ಗೋಪುರ ವಾಲಿ ಹಿತ್ತಲಕ್ಕ ಇಳೀತು, ತುಳಸಿ ಕಟ್ಟಿ ಮುಚ್ಚಿತು, ಒಣ ಹಾಕಿದ ಹಪ್ಪಳದ ಕಡೆ ಹೊಂಟಿತು. ಗುಂಡಿ ಎಲ್ಲೈತಿ ಅಂತ ಹುಡಕಾಕ ನಾ ಬುರುಗಿನಾಗ ಕೈ ಹಾಕೀನಿ, ಗುಂಡಿ ಸಿಗವಲ್ದು. ಕೂಸು ಚಾಪಿ ಮ್ಯಾಲೆ ಕುಂತು ಎರಡೂ ಕೈ ತಟ್ಟಿ, "ಇಳಕಲ್ಲ ಆಯಿ, ಇನ್ನ ಮಾಡ! ಇನ್ನ ಮಾಡ!"

ಅಷ್ಟರಾಗ ಬೀಗತಿ ಕೈಯಾಗ ತೀರ್ಥದ ತಂಬಿಗಿ ಹಿಡಕೊಂಡು ಬಂದಳು. ತಂಬಿಗಿ ಕಟ್ಟಿ ಮ್ಯಾಲೆ ಇಟ್ಟು, ಗ್ವಾಡಿ ಮ್ಯಾಲಿನ ಕರೆಂಟಿನ ಬಟನ್ ಬಂದ್ ಮಾಡಿದಳು. ಬೈಯಲಿ ಅಂತ ನಾ ಕಾದೆ. ಬೈದರ ನಾನೂ ಒಂದು ಮಾತು ಆಡಬಹುದಿತ್ತು. ಆಕಿ ನಕ್ಕಳು. ಸೆರಗ ಬಾಯಿಗೆ ಇಟ್ಟುಕೊಂಡು, ನೆಲಕ್ಕ ಕುಂತು ನಕ್ಕಳು.

"ಯವ್ವಾ ನಮ್ಮವ್ವಾ! ಮಹಾಕೂಟದ ಹೊಂಡ ನೋಡಿ ಬಂದೆ ನಾ, ಇಲ್ಲಿ ಬೀಗರು ಹಾಲಿನ ಸಮುದ್ರನ ತಂದಾರಲ್ಲ!"

"ನಗ್ರಿ, ನಗ್ರಿ," ಅಂದೆ. "ನಿಮ್ಮ ಚೆಂಡು ಮಾಡಲಾರದ್ದು ನನ್ನ ಅಂಟವಾಳ ಮಾಡೇತಿ. ಒಂದು ತಟಕು ಎಣ್ಣಿ ಉಳದಿದ್ರ ತೋರಸ್ರಿ."

"ಎಣ್ಣಿ ಇಲ್ರಿ ಅಕ್ಕಾರ. ನೀರೂ ಇಲ್ಲ!"

ಖರೆ, ಅರ್ಧ ನೀರು ಹಿತ್ತಲದಾಗ ಹರದು ಹೋಗಿತ್ತು. ಉಳದ ನೀರೂ ಬಿಡಬೇಕಾತು. ಪೈಪಿನಾಗ ಹೊಕ್ಕ ಬುರುಗು ಹೋಗೋ ಹಂಗ ಚೊಲೋ ನೀರು ಹಾಯಿಸಬೇಕು, ಸೋಸೋ ಫಿಲ್ಟರ್ ಬಿಚ್ಚಿ ಮಡಿಕಿ ಮಡಿಕಿ ಬಿಡಿಸಿ ತೊಳೀಬೇಕು, ಗೆರಿ ಒರಸಬೇಕು. ಅವತ್ತು ಕೂಸಿಗೆ ನೀರಿಲ್ಲ, ಮರುದಿನಾನೂ ಇಲ್ಲ. ಆಗ ನನ್ನ ಸೊಕ್ಕು ಇಳೀತು. ಕೂಸು ನಡಿಯೋದು ನನ್ನಿಂದ ಇನ್ನಷ್ಟು ದಿನ ಮುಂದ ಹೋತಲ್ಲ!

ಮರುದಿನ ಮುಂಜಾನೆ ಇಬ್ಬರೂ ಸೀರಿ ಎತ್ತಿ ಕಟ್ಟಿ ಖಾಲಿ ಟಬ್ಬಿಗೆ ಇಳದೆವು. ಕೂಸನ್ನ ಒಳಗಿನ ಕಟ್ಟಿ ಮ್ಯಾಲೆ ನಮ್ಮ ನಡುವ ಕೂಡಿಸಿ ಕೈಯಾಗ ಒಂದು ಹಳೇ ಬಟ್ಟಿ ಕೊಟ್ಟೆವು. ಬೀಗತಿ ಆ ಕಡೆ, ನಾ ಈ ಕಡೆ, ತಿಕ್ಕಾಕ ಹತ್ತಿದೆವು. ಗಡಸು ನೀರಿನ ಬಿಳಿ ಸುಣ್ಣದ ಪದರ, ಅದರ ಮ್ಯಾಲೆ ಜಿಡ್ಡು, ಭಾಳ ಗಟ್ಟಿ. ಆಕಿಗಿಂತ ಮೊದಲ ಮುಗಿಸಬೇಕು ಅಂತ ನಾ ರಟ್ಟಿ ಬೀಳೂ ಹಂಗ ತಿಕ್ಕಿದೆ. ನನ್ನ ಕಡೆ ಗೆರಿ ಅಳಿಸಿ ಫಳಫಳ ಆತು. ಆಕಿ ಆರಾಮ ಹಾಡಿಕೋತ ತಿಕ್ಕತಿದ್ದಳು, ಅರ್ಧಾನೂ ಆಗಿರಲಿಲ್ಲ.

ಕೂಸು ಕುಂತಲ್ಲೆ ತನ್ನ ಮುಂದಿನ ಗೆರಿ ಒರಸತಿತ್ತು. ಕೈ ಎಟಕೋದು ಮುಗೀತು. ಮುಂದಿನದು ಎಟಕಲಿಲ್ಲ. ಟಬ್ಬಿನ ಅಂಚು ಹಿಡದು ಎದ್ದು ನಿಂತಿತು.

ನಾ ಬಾಯಿ ತಗದೆ. ಬೀಗತಿ ಬೆರಳು ತುಟಿ ಮ್ಯಾಲೆ ಇಟ್ಟಳು. ಕೂಸು ನಮ್ಮ ಕಡೆ ನೋಡಲೇ ಇಲ್ಲ, ಅದರ ಲಕ್ಷ್ಯ ಎಲ್ಲಾ ಗೆರಿ ಮ್ಯಾಲೆ. ಒಂದು ಕೈಲೆ ಅಂಚು, ಒಂದು ಕೈಲೆ ಬಟ್ಟಿ. ಒರಸತೈತಿ, ಒಂದು ಕಾಲು ಸರಸತೈತಿ. ಒರಸತೈತಿ, ಇನ್ನೊಂದು ಕಾಲು. ಮುರದಿದ್ದ ಕಾಲು ಊರಿತು ನೋಡ್ರಿ! ನಾ ಕಟ್ಟಿ ಕೆಳಗ ಎರಡೂ ಕೈ ಚಾಚಿ ನಿಂತೇನಿ, ಬಿದ್ದರ ಹಿಡೀಬೇಕು, ಬರತೈತಿ ನನ್ನ ಕಡೆ, ಬರತೈತಿ. ನನ್ನ ಹತ್ತರ ಬಂತು. ನನ್ನ ಭಾಗದ ಟಬ್ ನೋಡಿತು. ಒರಸಾಕ ಏನೂ ಇರಲಿಲ್ಲ. ತಿರಗಿ ಬೀಗತಿ ಕಡೆ ನಡೀತು.

"ಆಯಿ, ಇಲ್ಲಿ ಭಾಳ ಹೊಲಸೈತಿ," ಅಂತ ಆಕಿ ಕೊರಳಿಗೆ ಬಟ್ಟಿ ಸಮೇತ ಬಿತ್ತು.

ಆಕಿ ಕಡೆ ಜಿಡ್ಡು ಇತ್ತು, ಅದಕ್ಕ ಆಕಿ ಕಡೆ ಹೋತು. ಇದನ್ನ ನಾ ಎಲ್ಲಾರಿಗೂ ಬಿಡಿಸಿ ಹೇಳತೇನಿ. ನನ್ನ ಕಡೆದು ಅಷ್ಟು ಚೊಕ್ಕ ತಿಕ್ಕಬಾರದಿತ್ತು. ನನ್ನ ಕಣ್ಣಾಗ ನೀರು ಸುರೀತಿತ್ತು. ಅದರಾಗ ಖುಷಿದು ಎಷ್ಟು, ಸಂಕಟದ್ದು ಎಷ್ಟು, ಸೋಸಿ ನೋಡಾಕ ಯಾವ ಫಿಲ್ಟರೂ ಇಲ್ಲ.

ಬೀಗತಿ ಕೂಸನ್ನ ನನ್ನ ಕೈಗೆ ಕೊಟ್ಟು, ಸೊಂಟದಿಂದ ಫೋನ್ ತಗದಳು. ನಂಬರ ಒತ್ತಿ ಅದನ್ನೂ ನನ್ನ ಕೈಗೆ ಕೊಟ್ಟಳು. "ನೀವ ಹೇಳ್ರಿ ಅಕ್ಕಾರ. ಹಡದಾಕಿ ನಿಮ್ಮ ಮಗಳು, ನಿಮ್ಮ ಬಾಯಿಲೇನ ಕೇಳಲಿ." ಇಂಥಾ ಮಾತು ನನಗ ಯಾಕ ಮೊದಲ ಹೊಳಿಯಂಗಿಲ್ಲ? ಆಕಿ ದೊಡ್ಡಮನಸು ನೋಡಿ ಅದಕ್ಕೂ ಒಂದು ಸಲ ಹೊಟ್ಟಿ ಉರಕೊಂಡೆ.

ಫೋನಿನಾಗ ಮಗಳು ಅತ್ತಳು, ನಕ್ಕಳು, "ಖರೇನವ್ವಾ? ಖರೇನ?" ಅಂದಳು. ಆಮ್ಯಾಲೆ, "ಹಂಗಾದ್ರ ಈ ಐತವಾರ ಬಂದು ಕರಕೊಂಡು ಬರತೇವಿ. ಕೂಸಿಲ್ಲದ ಮನಿ ಮನಿ ಆಗಿಲ್ಲ ನಮಗ. ಅತ್ತೆಗೂ ಹೇಳು," ಅಂದಳು.

ನಾ ಹೇಳಿದೆ. ಬೀಗತಿ "ಹೌದಲ್ರಿ, ಕರಕೊಂಡು ಹೋಗಬೇಕಲ್ಲ" ಅಂದು ಮತ್ತ ಬಟ್ಟಿ ತಗೊಂಡಳು. ಚೊಕ್ಕ ಆಗಿದ್ದ ನನ್ನ ಕಡೆದನ್ನ ಒರಸಾಕ ಹತ್ತಿದಳು. ಹಾಡು ನಿಂತಿತ್ತು.

"ಅಲ್ಲಿ ಏನೂ ಇಲ್ರಿ," ಅಂದೆ.

"ಇರಲಿ ಬಿಡ್ರಿ." ಕೈ ನಿಲ್ಲಿಸಲಿಲ್ಲ ಆಕಿ. ಒರಸಕೋತನ ಅಂದಳು, "ಇನ್ನ ಕೂಸನ್ನ ನೋಡಾಕ ನಾನೂ ನಿಮ್ಮಂಗ ಚೀಲಾ ಹಿಡಕೊಂಡು ಬಸ್ಸಿಗೆ ನಿಲ್ಲೂದಾತು ನೋಡ್ರಿ."

ಕನಿಕರ ಬರಬೇಕಿತ್ತು ನನಗ. ಮೊದಲು ಬಂದದ್ದು ಖುಷಿ, ಸುಳ್ಳ ಯಾಕ ಹೇಳಲಿ. ಕೂಸು ನಡೀತು, ಟಬ್ ಖಾಲಿ ಆತು, ಆಕಿ ನಾನು ಒಂದ ಲೈನಿಗೆ ಬಂದೆವು! ತಡಕೊಂಡು ನಿಂತೆ. ಆಕಿ ಕೈ ಒಂದ ಜಾಗಾದಾಗ ತಿರಗತಿತ್ತು. ಕೂಸಿನ ದಾರಿ ನೋಡೋರ ಕೈ ಹಂಗ ತಿರಗತಾವು, ಇಳಕಲ್ಲದಾಗ ನನ್ನೂ ತಿರಗತಾವು. ಕೂಸನ್ನ ಎತ್ತಿ ಆಕಿ ಪಕ್ಕ ಕಟ್ಟಿ ಮ್ಯಾಲೆ ನಿಲ್ಲಿಸಿದೆ.

"ಬಾಗಲಕೋಟಿಗೆ ಮುಂಜಾನಿ ಬಸ್ ಹತ್ತಿದ್ರ ಬಲಗಡೆ ಕೂಡಬ್ಯಾಡ್ರಿ ಅಕ್ಕಾರ," ಅಂದೆ. "ಊರು ಬರೋತನಕ ಬಿಸಲು ಮಾರಿಗೆ ಬಡೀತೈತಿ."