ಅರ್ಕಾವತಿ ದಂಡೆಯ ಎಂಟು ಕಂಬದ ಮನೆ

ರಾಮನಗರದ ಹಳೆ ಊರಿನಿಂದ ಅರ್ಕಾವತಿಗೆ ಇಳಿಯುವ ಓಣಿಯ ಕೊನೆಯಲ್ಲಿ ಎಂಟು ಕಂಬದ ಮನೆ ಇತ್ತು. ಇತ್ತು ಎಂದೇ ಬರೆಯಬೇಕು. ಕಟ್ಟಿದ ವರ್ಷ ೧೮೯೧, ಊರಿಗೆ ಆಗ ಇದ್ದ ಹೆಸರು ಕ್ಲೋಸ್‌ಪೇಟೆ, ಎರಡನ್ನೂ ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದರು. ಅಲ್ಲೇ ಹುಟ್ಟಿ, ಅಲ್ಲೇ ನಲವತ್ತು ವರ್ಷ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದವನು ಮೆಹಬೂಬ್. ಬಿಸಿನೀರಿಗೆ ಅದ್ದಿ ಅದ್ದಿ ಅವನ ಬೆರಳ ತುದಿಗಳು ಬೆಳ್ಳಗೆ ಸುಲಿದುಹೋಗಿದ್ದವು. ಆ ಮನೆ ಬಿಟ್ಟರೆ ಅವನಿಗೆ ಸೂರೂ ಇಲ್ಲ, ಕಸುಬಿಗೆ ಜಾಗವೂ ಇಲ್ಲ.

ಆ ಓಣಿಗೊಂದು ರೂಢಿ. ಗೂಡು ಬೇಯಿಸಿದ ಗಬ್ಬು ನೀರು ಹರಿಯುತ್ತಿದ್ದುದು ನೇರ ನದಿಗೆ. ಅದನ್ನು ಹಿಡಿಯಲು ಅಧಿಕಾರಿಗಳು ಬರುವ ಸುಳಿವು ಸಿಕ್ಕರೆ ಒಲೆ ಆರಿಸಿ, ಚರಕದ ಮೇಲೆ ಚಾಪೆ ಹೊದಿಸಿ, ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಗೋಡೆ ಬೆಳ್ಳಗಿದ್ದರೆ ಅಲ್ಲಿ ಕಸುಬಿಲ್ಲ, ಬರೀ ಸಂಸಾರ. ಇಡೀ ಊರಿನ ಕಕ್ಕಸು ಸೇರುವುದೂ ಅದೇ ನದಿಗೆ. ಅದಕ್ಕೆ ಮಾತ್ರ ಯಾರಿಗೂ ನೋಟಿಸಿಲ್ಲ.

ಆಮೇಲೆ ದೊಡ್ಡವರಿಗೆ ನದಿ ದಂಡೆಯಲ್ಲಿ ವಾಕಿಂಗ್ ದಾರಿ ಬೇಕಾಯಿತು. ಅಲ್ಲಿನ ಮನೆಗಳನ್ನು ಕೆಡವುವುದು, ನೂರು ವರ್ಷ ದಾಟಿದವನ್ನು ಮಾತ್ರ ಉಳಿಸುವುದು ಎಂದಾಯಿತು. ಹಳೆ ಮನೆ ಗುರುತಿಸಲು ಜನ ಬರುತ್ತಾರೆಂದು ಪತ್ರಿಕೆಯ ಇದೇ ಅಂಕಣದಲ್ಲಿ ನಾನು ಬರೆದೆ. ಮೆಹಬೂಬನಿಗೆ ಕನ್ನಡ ಓದಲು ಬಾರದೆಂದು ನನಗೆ ಗೊತ್ತಿತ್ತು. ಹೋಗಿ ಹೇಳಲಿಲ್ಲ.

ಹೇಳಿದವನು ಪಕ್ಕದ ಮನೆಯ ಬೈರಪ್ಪ, ಅದೂ ಅರ್ಧಂಬರ್ಧ.

“ಲೇ ಮೆಹಬೂಬಾ, ನಾಳೆ ಬತ್ತಾವ್ರಂತೆ ಕಣ್ಲಾ. ಟೇಪು, ಕ್ಯಾಮೆರಾ ಎಲ್ಲಾ ತತ್ತಾವ್ರಂತೆ.”

“ಬರ್ಲಿ ಬುಡ್ಲಾ. ನಿನ್ ಮಗಳ ಮದ್ವೆ ಮನೆಗಿಂತ ಬೆಳ್ಳಗೆ ಮಾಡ್ತೀನಿ.”

ಕ್ಯಾಮೆರಾ ಎಂದ ಮೇಲೆ ಬಾಗಿಲ ಮೇಲಿನ, ಮಸಿ ಹಿಡಿದ ಆ ಕಲ್ಲನ್ನೂ ಬಿಡಲಿಲ್ಲ. ಸಿಮೆಂಟ್ ಮೆತ್ತಿ ಸುಣ್ಣ ಹೊಡೆದ.

ಮರುದಿನ ಪಟ್ಟಿ ಹಿಡಿದು ಬಂದ ಹೆಂಗಸು ಕೇಳಿದಳು, “ಯಜಮಾನ್ರೇ, ಮನೆ ಎಷ್ಟು ಹಳೇದು?”

“ಕಸುಬು ಗಿಸುಬು ಏನಿಲ್ಲ, ಹೊಸಾ ಮನೆ ಮೇಡಂ. ನಾನೇ ಕಟ್ಸಿದ್ದು.”

“ಕಂಬ ನೋಡಿದ್ರೆ ಹಂಗನ್ಸಲ್ವಲ್ಲ?”

“ಗುಜರೀಲಿ ತಂದಿದ್ದು ಮೇಡಂ, ಶೋಕಿಗೆ.”

ಪರದೆಯ ಹಿಂದೆ ಅವನ ಹೆಂಡತಿ ಅಖ್ತರಿ ಸೆರಗು ಕಚ್ಚಿ ನಕ್ಕಳಂತೆ. ಪಟ್ಟಿಯ ಹೆಂಗಸು ಹೇಳಿದ್ದನ್ನೇ ಬರೆದುಕೊಂಡಳು. ಮೆಹಬೂಬ್ ಉರ್ದುವಿನಲ್ಲಿ ಸೈನು ಹಾಕಿದ.

ನಾಲ್ಕು ತಿಂಗಳಾದ ಮೇಲೆ ಮನೆ ಖಾಲಿ ಮಾಡುವ ನೋಟಿಸು ಬಂತು. ಆಗ ಗೊತ್ತಾಯಿತು, ಬಂದಿದ್ದವರು ನೀರು ಹಿಡಿಯುವವರಲ್ಲ, ಹಳೆ ಮನೆ ಗುರುತಿಸುವವರು ಎಂದು. ಉಳಿ ಹಿಡಿದು ಸಿಮೆಂಟ್ ಕೆರೆದ. ವರ್ಷ ಸ್ಪಷ್ಟವಾಗಿ ಕಂಡಿತು. ಆಫೀಸಿಗೆ ಓಡಿದ. ಗುಮಾಸ್ತ ಅವನ ಕಾಗದ ತೆಗೆದ.

“ಇದು ನಿನ್ ಸೈನೇ ಅಲ್ವಾ ಸಾಬ್ರೇ?”

“ನಂದೇ ಸಾರ್. ಸುಳ್ಳು ಹೇಳ್ಬುಟ್ಟೆ.”

“ಆವಾಗ್ಲೋ, ಈವಾಗ್ಲೋ? ಪಟ್ಟಿ ಮೇಲಕ್ಕೆ ಹೋಗೈತೆ, ನಡಿ.”

ಆ ಆಫೀಸಿನಿಂದ ಆ ಬಾಗಿಲಿಗೆ ನಡೆದರೆ ಹತ್ತು ನಿಮಿಷ. ಬಂದು ಕಲ್ಲು ನೋಡಿ ಎಂದು ಮೆಹಬೂಬ್ ಏಳು ಸಲ ಕರೆದ. ಒಬ್ಬ ನನ್ಮಗನೂ ಕುರ್ಚಿ ಬಿಟ್ಟು ಏಳಲಿಲ್ಲ.

ಜೆಸಿಬಿ ಬಂದ ದಿನ ನಾನೂ ಅಲ್ಲಿದ್ದೆ. ಕಂಬಗಳು ಒಂದೊಂದಾಗಿ ಉರುಳುತ್ತಿದ್ದವು. ಅಖ್ತರಿ ಗಂಡನ ಕಡೆ ತಿರುಗಿದಳು.

“ಒಸಿ ನಿಜ ಹೇಳಿದ್ರೆ ನಿಮ್ ಬಾಯಿ ಸವೀತಿತ್ತಾ?”

“ಅವ್ರಿಗೆ ನಿಜ ಹೇಳಿ ಯಾವನ್ ಉಳ್ಕೊಂಡವ್ನೆ, ತೋರ್ಸು.”

ಅವಳು ಸುತ್ತ ನಿಂತ ನಮ್ಮನ್ನೆಲ್ಲ ನೋಡಿದಳು. ಯಾರ ಬಾಯಿಂದಲೂ ಒಂದು ಹೆಸರು ಬರಲಿಲ್ಲ.