ಹೆಸರಿಲ್ಲದ ಧಾಟಿ

ಜಮೈಕಾದ ಕಿಂಗ್‌ಸ್ಟನ್ನಿನ ಮಿನಿಬಸ್ ಚಾಲಕ ಲ್ಯಾಸೆಲ್ಸ್, ನಲವತ್ತನಾಲ್ಕನೇ ವಯಸ್ಸಿನಲ್ಲಿ ಹಳೇ ಲ್ಯಾಪ್‌ಟಾಪ್ ಮುಂದೆ ಕೂತು ಗುರುವಿಲ್ಲದೆ ಸಂಗೀತ ಕಟ್ಟುವುದನ್ನು ಕಲಿತ. ಆದರೆ ಈ ಪುಣ್ಯಾತ್ಮನ ಕಣ್ಣಿಗೆ ಊರೆಲ್ಲ ಕಳ್ಳರೇ. ತನ್ನದೆಂದರೆ ಕದ್ದುಬಿಡುತ್ತಾರೆಂದು, ತನ್ನ ಮೊದಲ ರೆಗೆ ಧಾಟಿಯನ್ನು ಬೇರೆಯವರ ಹಾಡುಗಳ ನಡುವೆ ಬಚ್ಚಿಟ್ಟು ಬಸ್ಸಿನಲ್ಲಿ ಹಾಕುತ್ತಿದ್ದ; ಕನ್ನಡಿಯಲ್ಲಿ ಪ್ರಯಾಣಿಕರ ಮುಖದ ಮೇಲೆ ಕಣ್ಣಿಟ್ಟಿರುತ್ತಿದ್ದ.

ಒಂದು ಬೆಳಿಗ್ಗೆ ಮೀನು ಮಾರುವ ಐಸಿಲ್ಡಾ ಅದನ್ನೇ ಗುನುಗುತ್ತ ಬಸ್ಸು ಹತ್ತಿದಳು. ಅವನು ಗಕ್ಕನೆ ಅವಳತ್ತ ತಿರುಗಿದ.

"ಇದನ್ನ ಎಲ್ಲಿ ಕದ್ದೆ ಅಮ್ಮಾ?"

"ಕದಿಯೋಕೆ ಇದೇನು ಕೋಳೀನಾ? ಮೂರು ತಿಂಗಳಿಂದ ನೀನೇ ಕಿವಿಗೆ ತುಂಬ್ತಿದ್ದೀಯಲ್ಲೋ! ನಾನು ಇದನ್ನ ಗುನುಗದಿದ್ರೆ ಮೊಮ್ಮಗಳು ಮಲಗಲ್ಲ. ಯಾರು ಕಟ್ಟಿದ್ದೋ? ಅವನ ಹೊಟ್ಟೆ ತಣ್ಣಗಿರ್ಲಿ."

ಲ್ಯಾಸೆಲ್ಸ್ ಕನ್ನಡಿಯಲ್ಲಿ ಅವಳನ್ನು ಅನುಮಾನದಿಂದ ದಿಟ್ಟಿಸಿದ.

"ಯಾರೋ, ನಂಗೇನ್ ಗೊತ್ತು?" ಎಂದು ಗೇರು ಹಾಕಿದ.