ಮನೆಯವರಿಗೆ ಎಂಥ ಸನ್ಮಾನ

ಕಲ್ಯಾಣದಿಂದ ಮುರ್ಬಾಡಿನ ಕಡೆಗೆ ಹೋಗುವ ರಸ್ತೆಯಲ್ಲಿ, ಕಟ್ಟಡಗಳು ಮುಗಿದು ಗದ್ದೆಗಳು ಶುರುವಾಗುವಲ್ಲಿ, ನನ್ನ ಅಕ್ಕನ ಮೈದುನ ಒಂದು ಹೋಟೆಲು ಕಟ್ಟಿಸಿದರು. ಹೋಟೆಲು ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ರಿಸಾರ್ಟ್ ಎನ್ನಬೇಕು. ಹನ್ನೆರಡು ಕೋಣೆ, ಒಂದು ಈಜುಕೊಳ, ಎರಡು ಬಾತುಕೋಳಿ, ಮತ್ತು ಹಳ್ಳಿಯ ವಾತಾವರಣಕ್ಕೆಂದು ಮಾಜಿವಾಡಾದ ಗುಜರಿ ಅಂಗಡಿಯಿಂದ ಟೆಂಪೋದಲ್ಲಿ ಹೇರಿಕೊಂಡು ಬಂದ ಒಂದು ಎತ್ತಿನ ಗಾಡಿ. ಎತ್ತು ಇರಲಿಲ್ಲ. ಸುತ್ತಲಿನ ಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಹೋಗುವಾಗ ಆ ಗಾಡಿಯನ್ನೂ, ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುವ ಡೊಂಬಿವಲಿಯ ಸಂಸಾರಗಳನ್ನೂ ನೋಡಿ ನಗುತ್ತಿದ್ದರು.

ಠಾಣೆಯಲ್ಲಿ ಅಕ್ಕನ ಗಂಡ ಮತ್ತು ಈ ಮೈದುನ ಜೊತೆಯಾಗಿ ನಡೆಸುತ್ತಿದ್ದ ಹಳೆಯ ಹೋಟೆಲು ಒಂದಿತ್ತು. ಅಕ್ಕನ ಗಂಡ ತೀರಿಕೊಂಡ ಮೇಲೆ ಮೈದುನ ಯಜಮಾನರಾದರು. ಅಕ್ಕ ಏನಾಗಬೇಕು ಎಂಬುದನ್ನು ಯಾರೂ ಕೂತು ಮಾತಾಡಲಿಲ್ಲ. ಹೊಸ ಜಾಗದ ಅಡುಗೆಮನೆಗೆ ಬಂದು ನಿಂತಳು, ಅಲ್ಲಿಯೇ ಉಳಿದಳು. ನಾನು ಬೇಲಾಪುರದ ಒಂದು ಕಚೇರಿಯಲ್ಲಿ ಕಡತಗಳಿಗೆ ಟಿಪ್ಪಣಿ ಬರೆಯುವವನು. ಭಾನುವಾರಗಳಂದು ಮಾತ್ರ ನನ್ನ ನಿಜವಾದ ಪದವಿಗೆ ಏರುತ್ತಿದ್ದೆ: ಕಾರ್ಯಕ್ರಮ ನಿರೂಪಕ. ನಮ್ಮ ಕರಾವಳಿ ಕಡೆಯವರ ಸಭೆ ಸಮಾರಂಭ ಎಲ್ಲಿದ್ದರೂ ಮೈಕು ನನ್ನ ಕೈಯಲ್ಲಿರುತ್ತಿತ್ತು. 'ವೇದಿಕೆಯನ್ನು ಅಲಂಕರಿಸಬೇಕಾಗಿ ವಿನಂತಿ' ಎಂಬ ಮಾತನ್ನು ನನ್ನಷ್ಟು ಗಾಂಭೀರ್ಯದಿಂದ ಹೇಳುವವರು ಠಾಣೆಯಿಂದ ಕಲ್ಯಾಣದವರೆಗೆ ಇನ್ನೊಬ್ಬರಿಲ್ಲ ಎಂದು ಜನ ಹೇಳುತ್ತಿದ್ದರು. ನಾನು ನಂಬಿದ್ದೆ.

ಯಜಮಾನರ ರಿಸಾರ್ಟಿನಲ್ಲಿ ಋತುಗಳು ಪಂಚಾಂಗದಂತೆ ಬರುತ್ತಿರಲಿಲ್ಲ, ಕರಪತ್ರದಂತೆ ಬರುತ್ತಿದ್ದವು. ಮೇ ತಿಂಗಳಲ್ಲಿ ಮಾವಿನಹಣ್ಣು ತಿನ್ನುವ ಸ್ಪರ್ಧೆ. ಚಳಿಗಾಲದಲ್ಲಿ ಎಳೆ ಜೋಳ ಸುಟ್ಟು ತಿನ್ನುವ ಹುರ್ಡಾ. ಸುತ್ತ ಎಲ್ಲಿ ನೋಡಿದರೂ ಭತ್ತ. ಜೋಳ ಆಚೆಯಿಂದ ಘಟ್ಟ ಇಳಿದು ಲಾರಿಯಲ್ಲಿ ಬರಬೇಕು. ಆದರೂ 'ನಮ್ಮ ಹೊಲದಿಂದ ನೇರವಾಗಿ' ಎಂದು ಫಲಕ ಹಾಕಿಸಿದ್ದರು. ಇವೆಲ್ಲ ಮರಾಠಿ, ಗುಜರಾತಿ ಗಿರಾಕಿಗಳಿಗೆ. ಮಳೆಗಾಲದಲ್ಲಿ ಮಾತ್ರ ಒಂದು ದಿನ ನಮ್ಮವರದು, ಆಟಿಯ ದಿನ.

ಕರಾವಳಿಯಲ್ಲಿ ಆಟಿ ಎಂದರೆ ಮಳೆ ಬಿಡದ, ಕೆಲಸ ಸಿಗದ, ಅಕ್ಕಿಯ ಡಬ್ಬ ತಳ ಕಾಣುವ ತಿಂಗಳು. ಹಿಂದಿನವರು ಹೊಟ್ಟೆಗಿಲ್ಲದೆ ಕೆಸುವಿನ ಎಲೆ, ಬಿದಿರ ಕಣಿಲೆ, ಹಲಸಿನ ಬೀಜ ತಿಂದು ಅದನ್ನು ದಾಟಿದ್ದರು. ಮೊಮ್ಮಕ್ಕಳಾದ ನಾವು ಎರಡು ಲಕ್ಸುರಿ ಬಸ್ಸಿನಲ್ಲಿ ಡೊಂಬಿವಲಿಯಿಂದ ಹೊರಟು, ಆ ಹಸಿವನ್ನು ಇಪ್ಪತ್ತೆರಡು ಬಗೆಯ ಬಫೆಯಾಗಿ ಆಚರಿಸುತ್ತಿದ್ದೆವು. ಆಟಿ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯಬೇಕು ಎಂಬ ನಿಯಮವುಂಟು. ಅಮಾವಾಸ್ಯೆಗೆ ರಜೆ ಇಲ್ಲದ ಕಾರಣ ಅದನ್ನು ಭಾನುವಾರಕ್ಕೆ ಮುಂದೂಡಲಾಗುತ್ತಿತ್ತು. ಬಸ್ಸಿನಿಂದ ಇಳಿದವರಿಗೆಲ್ಲ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಕಷಾಯ, ಅದರ ಹಿಂದೆಯೇ ಬಾಯಿಯ ಕಹಿ ಕಳೆಯಲು ಬೆಲ್ಲದ ಚೂರು. ಅರ್ಧ ಜನ ಕಷಾಯ ಹೂಕುಂಡಕ್ಕೆ ಚೆಲ್ಲಿ ಬೆಲ್ಲ ತಿನ್ನುತ್ತಿದ್ದರು.

ಇದರ ಹಿಂದೆ ಇದ್ದವಳು ಅಕ್ಕ. ಸೂರ್ಯ ಮೂಡುವ ಮೊದಲು ಹಿಂದಿನ ಗುಡ್ಡೆಗೆ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ಕೆತ್ತೆ ತೆಗೆಯುತ್ತಿದ್ದಳು. ಹತ್ತಾರು ಮನೆಗಳ ಪಕ್ಕದ ವಾಡಿಯ ನಾಲ್ಕು ಹೆಂಗಸರು ಕೆಸುವಿನ ಎಲೆ ಕೊಯ್ದು ತರುತ್ತಿದ್ದರು. ಅವರೊಡನೆ ಅವಳು ಆಡುತ್ತಿದ್ದ ಮರಾಠಿಗೆ ತುಳುವಿನ ರಾಗವಿತ್ತು. ಅವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಎಲೆಯ ಮೇಲೆ ಹಿಟ್ಟು ಸವರಿ, ಸುರುಳಿ ಸುತ್ತಿ, ಮುನ್ನೂರು ಜನಕ್ಕೆ ಪತ್ರೊಡೆ ಬೇಯಿಸುವುದೆಂದರೆ ಎರಡು ದಿನದ ಕೆಲಸ. ಮುಂದೆ ಊಟದ ಹಾಲ್‌ನಲ್ಲಿ ಯಜಮಾನರು ಕೈಮುಗಿದು ನಿಂತು 'ಹೇಗಿದೆ ನಮ್ಮ ಪತ್ರೊಡೆ?' ಎಂದು ಕೇಳುತ್ತಿದ್ದರು.

ಐದನೆಯ ವರ್ಷದ ಆಟಿಗೆ ಐವರು ಸಾಧಕರನ್ನು ಸನ್ಮಾನಿಸುವುದೆಂದು ಆಟಿಯ ಸಮಿತಿಯಲ್ಲಿ ತೀರ್ಮಾನವಾಯಿತು. ನಮ್ಮವರು ಸನ್ಮಾನವಿಲ್ಲದೆ ಐಸ್ಕ್ರೀಮು ಸಹ ತಿನ್ನುವುದಿಲ್ಲ. ನಾಲ್ಕು ಹೆಸರು ತಾವಾಗಿಯೇ ಬಂದವು. ಐದನೆಯದಾಗಿ ನಾನು ಅಕ್ಕನ ಹೆಸರು ಹೇಳಿದೆ. ಸಮಿತಿಯವರು ಚಪ್ಪಾಳೆ ತಟ್ಟಿದರು. ಯಜಮಾನರು ಮೊಬೈಲು ನೋಡುತ್ತಿದ್ದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಆ ಶನಿವಾರವೇ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಹಲಸಿನ ಬೀಜ ಬಿಡಿಸುತ್ತಿದ್ದಳು.

"ನನಗಾ? ನನಗೆ ಎಂಥಕ್ಕೆ ಮಾರಾಯ? ಶಾಲು ಹೊದ್ದುಕೊಂಡು ಒಲೆ ಮುಂದೆ ನಿಲ್ಲಲಿಕ್ಕುಂಟಾ?"

"ಸಮಿತಿಯ ತೀರ್ಮಾನ ಅಕ್ಕ. ಬದಲಿಸುವ ಹಾಗಿಲ್ಲ."

"ನಿನ್ನ ಸಮಿತಿಗೆ ಬೇರೆ ಕೆಲಸ ಇಲ್ವಾ?" ಎಂದಳು. ಇನ್ನೆರಡು ಬೀಜ ಬಿಡಿಸಿ, ತಲೆ ಎತ್ತದೆ ಕೇಳಿದಳು: "ಮೈಕಿನಲ್ಲಿ ಮಾತಾಡ್ಲಿಕ್ಕೆ ಉಂಟಾ?"

"ಎರಡು ಮಾತು ಆಡಿದರೆ ಚಂದ."

ಮರುವಾರ ನಾನು ಅಭಿನಂದನಾ ಪತ್ರ ಬರೆದುಕೊಂಡು ಹೋಗಿ ಅಡುಗೆಮನೆಯಲ್ಲಿಯೇ ಓದಿ ಹೇಳಿದೆ. 'ನಾಲ್ಕು ಗಂಟೆಗೆ ಎದ್ದು' ಎಂಬಲ್ಲಿ ಅವಳು ತಡೆದಳು.

"ನಾಲ್ಕಲ್ಲ, ಮೂರೂವರೆ. ಬರೆಯುವುದಾದರೆ ಸರಿ ಬರಿ."

ನಾನು ತಿದ್ದಿದೆ. ಆಗ ಅವಳು ಸೆರಗಿನ ಗಂಟಿನಿಂದ ಕ್ಯಾಲೆಂಡರಿನ ಒಂದು ಹಾಳೆ ತೆಗೆದಳು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಏಳೆಂಟು ಸಾಲು. ಎಲೆ ತರುವ ನಾಲ್ಕು ಹೆಂಗಸರ ಹೆಸರು, ಅವರಿಲ್ಲದಿದ್ದರೆ ಪತ್ರೊಡೆ ಇಲ್ಲ ಎಂಬ ಮಾತು, ಕೊನೆಗೆ ಗಂಡನ ನೆನಪು. "ಉದ್ದ ಆಯ್ತಾ?" ಎಂದು ಕೇಳಿದಳು. ನಲವತ್ತು ವರ್ಷ ಊರಿಗೆಲ್ಲ ಬಡಿಸಿದವಳು ತನಗೆಂದು ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಏನೂ ಉದ್ದ ಇಲ್ಲ, ಪೂರ್ತಿ ಓದು" ಎಂದೆ.

ಆಟಿಯ ಭಾನುವಾರ ಬಸ್ಸುಗಳು ಬಂದವು, ಕಷಾಯ ಹೂಕುಂಡಗಳಿಗೆ ಸಲ್ಲಿತು. ಅಕ್ಕ ಹನ್ನೊಂದಕ್ಕೆಲ್ಲ ಅಡುಗೆ ಮುಗಿಸಿ, ಸ್ನಾನ ಮಾಡಿ, ಬೂದು ಬಣ್ಣದ ರೇಷ್ಮೆ ಸೀರೆ ಉಟ್ಟು ಮೂರನೆಯ ಸಾಲಿನಲ್ಲಿ ಬಂದು ಕುಳಿತಳು. ಪಕ್ಕದಲ್ಲಿ ಆ ನಾಲ್ವರನ್ನೂ ಕೂರಿಸಿಕೊಂಡಿದ್ದಳು. ಅನುಭವಸ್ಥ ನಿರೂಪಕ ಯಾವಾಗಲೂ ಒಂದು ಶಾಲು ಹೆಚ್ಚಿಗೆ ಇಟ್ಟುಕೊಂಡಿರುತ್ತಾನೆ. ನಾನೂ ಇಟ್ಟುಕೊಂಡಿದ್ದೆ, ಆದರೆ ಬಸ್ಸಿನ ಮಾಲಕರು ಅನಿರೀಕ್ಷಿತವಾಗಿ ತಾವೇ ಬಂದುಬಿಟ್ಟಿದ್ದರಿಂದ ಅದನ್ನು ಅವರಿಗೆ ಹೊದಿಸಿಯಾಗಿತ್ತು.

ನಾಲ್ಕು ಸನ್ಮಾನ ಮುಗಿಯಿತು. ಅಕ್ಕ ಸೆರಗು ಸರಿಮಾಡಿಕೊಂಡಳು, ಹಾಳೆ ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಗೇಟಿನ ಹತ್ತಿರ ಎರಡು ಬಿಳಿ ಗಾಡಿಗಳು ನಿಂತವು. ಆ ಕಡೆಯ ಒಬ್ಬ ಪುಢಾರಿ, ಎಲ್ಲಿಯೋ ಉದ್ಘಾಟನೆ ಮುಗಿಸಿ ಹಿಂದಿರುಗುತ್ತಿದ್ದವರು, ಮಳೆ ಜೋರಾಯಿತೆಂದು ಎಂಟು ಜನ ಹಿಂಬಾಲಕರೊಡನೆ ಊಟಕ್ಕೆ ಇಳಿದಿದ್ದರು. ಯಜಮಾನರು ಓಡಿದರು. ಕೊಡೆ ಹಿಡಿದು ಅವರನ್ನು ನೇರ ವೇದಿಕೆಗೇ ಕರೆತಂದು ಕೂರಿಸಿ, ನನ್ನ ಕಿವಿಗೆ ಬಾಯಿಟ್ಟರು.

"ಭಾವ, ಇವರಿಗೆ ಒಂದು ಶಾಲು ಹಾಕಿ."

"ಶಾಲು ಒಂದೇ ಉಳಿದಿರುವುದು. ಅಕ್ಕನದ್ದು."

"ಅತ್ತಿಗೆ ನಮ್ಮವರೇ ಅಲ್ವಾ? ಮನೆಯವರಿಗೆ ಎಂಥ ಸನ್ಮಾನ? ನಾಳೆ ಲೈಸೆನ್ಸು, ನೀರು, ಎಲ್ಲ ಇವರ ಕೈಲಿ."

"ಹೆಸರು ಪಟ್ಟಿಯಲ್ಲಿ ಉಂಟು ಭಾವ."

"ಪಟ್ಟಿ ಬರೆದದ್ದು ನೀವೇ. ಒಂದು ಗೆರೆ ಎಳೆಯಿರಿ. ಅತ್ತಿಗೆಗೆ ನಾನು ಹೇಳ್ತೇನೆ."

ಅವರು ಹೇಳಲಿಲ್ಲ. ನಾನು ಮೈಕು ಹಿಡಿದು ನಿಂತಿದ್ದೆ, ಮುನ್ನೂರು ಜನ ನನ್ನನ್ನು ನೋಡುತ್ತಿದ್ದರು. ನಿರೂಪಕನಿಗೆ ಮರಣಕ್ಕಿಂತ ಭಯಂಕರವಾದುದು ಮೌನ. ಒಂದೆರಡು ಗಳಿಗೆ ಸುಮ್ಮನಿದ್ದರೆ ಅಕ್ಕನ ಹೆಸರು ತಾನೇ ಬಾಯಿಗೆ ಬರುತ್ತಿತ್ತೋ ಏನೋ. ನಾನು ಸುಮ್ಮನಿರಲಿಲ್ಲ. 'ನಮ್ಮ ಭಾಗ್ಯವಶಾತ್' ಎಂದು ಶುರುಮಾಡಿಬಿಟ್ಟೆ.

ಶುರುಮಾಡಿದ ಮೇಲೆ ತಿಳಿಯಿತು, ಆ ಮನುಷ್ಯನ ಬಗ್ಗೆ ಹೇಳಲು ನನಗೆ ಏನೂ ಗೊತ್ತಿಲ್ಲ. ಕೈಯಲ್ಲಿ ಅಕ್ಕನಿಗೆಂದು ಬರೆದ ಅಭಿನಂದನಾ ಪತ್ರವಿತ್ತು. ಓದತೊಡಗಿದೆ. ಅನ್ನಪೂರ್ಣೆ ಎಂದಿದ್ದಲ್ಲಿ ಅನ್ನದಾತ ಎಂದೆ, ತಾಯಿ ಎಂದಿದ್ದಲ್ಲಿ ತಂದೆ ಎಂದೆ. ಒಲೆಯ ಬದಿಯಲ್ಲಿ ನಿಂತು ಸವೆದ ಕಾಲುಗಳು ಸೇವೆಯಲ್ಲಿ ಸವೆದ ಕಾಲುಗಳಾದವು. ಭಾಷೆ ಎಷ್ಟು ಸಲೀಸಾಗಿ ಮಗುಚಿಕೊಂಡಿತೆಂದರೆ ನನಗೇ ಒಂದು ಕ್ಷಣ ಹೆಮ್ಮೆಯಾಯಿತು. ಆ ಹೆಮ್ಮೆಯ ಗುಂಗಿನಲ್ಲಿಯೇ ಬಾಯಿಂದ ಹೊರಬಿತ್ತು: 'ದಿನವೂ ಬೆಳಗಿನ ಜಾವ ಮೂರೂವರೆಗೆ ಎದ್ದು...'

ಅಕ್ಕನ ಕಡೆ ನೋಡಿದೆ. ನೋಡಬಾರದಿತ್ತು. ಅವಳು ಅಳುತ್ತಿರಲಿಲ್ಲ, ಸಿಟ್ಟೂ ಕಾಣಲಿಲ್ಲ. ಗಮನವಿಟ್ಟು ಕೇಳುತ್ತಿದ್ದಳು, ತಪ್ಪಿದರೆ ತಿದ್ದುವವಳ ಹಾಗೆ.

ಪುಢಾರಿಗೆ ಒಂದಕ್ಷರ ಕನ್ನಡ ತಿಳಿಯದು. ಶಾಲು ಹೊದ್ದು ಎದ್ದುನಿಂತು ಮರಾಠಿಯಲ್ಲಿ ಹೇಳಿದರು, "ತುಮ್ಚಾ ಡೋಸಾ ಮ್ಹಣಜೇ ಏಕ್ ನಂಬರ್!" ಅಂದು ದೋಸೆ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವಾಗ ಮೂರನೆಯ ಸಾಲಿನಲ್ಲಿ ಐದು ಕುರ್ಚಿ ಖಾಲಿಯಿತ್ತು.

ಊಟದ ಹೊತ್ತಿಗೆ ಅಕ್ಕ ಹಳೆಯ ನೂಲಿನ ಸೀರೆಯಲ್ಲಿ ಬಡಿಸುತ್ತಿದ್ದಳು. ಪುಢಾರಿಯ ಹಿಂಬಾಲಕರಿಗೆ ಎರಡೆರಡು ಸಲ ಪತ್ರೊಡೆ ಹಾಕಿದಳು. ನನಗೂ ಹಾಕಿದಳು. "ಅಕ್ಕ, ಆ ಹೊತ್ತಿನಲ್ಲಿ..." ಎಂದೆ. "ತುಪ್ಪ ಬೇಕಾ?" ಎಂದಳು. ವಾಡಿಯ ಹೆಂಗಸರಲ್ಲಿ ಒಬ್ಬಳು ಹಿಂದಿನ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡ ಬಾರದು, ಆದರೂ ನಡೆದದ್ದು ಪೂರ್ತಿ ತಿಳಿದಿತ್ತು.

ಚೌತಿ ಕಳೆದ ಮೇಲೆ ಅಕ್ಕ ಬಟ್ಟೆ ಕಟ್ಟಿಕೊಂಡು ಘಣಸೋಲಿಯ ಮಗಳ ಮನೆಗೆ ಹೋದಳು. "ಅತ್ತಿಗೆಗೆ ಬೇಜಾರು ಎಂಥದ್ದೂ ಇಲ್ಲ, ಮೊಣಕಾಲು ನೋವು" ಎಂದು ಯಜಮಾನರು ಎಲ್ಲರಿಗೂ ಹೇಳಿದರು. ಅಷ್ಟು ಜನರಿಗೆ ಹೇಳಿದ್ದರಿಂದ ಅದು ನಿಜವಾಯಿತು. ಮರುವರ್ಷದ ಆಟಿಗೆ ಪತ್ರೊಡೆ ಕೇಟರಿಂಗಿನಿಂದ ಬಂತು. ಎಲೆ ಸರಿಯಾಗಿ ಬೇಯದೆ ಅಧ್ಯಕ್ಷರಾದಿಯಾಗಿ ಎಲ್ಲರ ಗಂಟಲೂ ತುರಿಸಿತು. ಕೆಮ್ಮುತ್ತಲೇ ಸನ್ಮಾನಗಳು ನಡೆದವು. ನಿರೂಪಣೆ ನನ್ನದೇ.

ಘಣಸೋಲಿಗೆ ಹೋಗಲು ನನಗೆ ಒಂದು ವರ್ಷ ಹಿಡಿಯಿತು. ನನ್ನ ಕಚೇರಿಯಿಂದ ಅದು ಅರ್ಧ ಗಂಟೆಯ ದಾರಿ. ಹಳೆಯ ಊರಿನ ಆಚೆ, ಹೊಸ ಬಡಾವಣೆಯ ಒಂದು ಸೆಕ್ಟರಿನ ಕಟ್ಟಡದಲ್ಲಿ ಆರನೆಯ ಮಾಳಿಗೆ. ಬಾಗಿಲು ತೆರೆದ ಸೋದರಸೊಸೆ, "ಮಾಮಾ! ಆಯಿಯೇ, ಬೈಠಿಯೇ" ಎಂದಳು. ಅಕ್ಕ ಕಿಟಕಿಯ ಹತ್ತಿರ ಕುಳಿತು ಮರಾಠಿ ಧಾರಾವಾಹಿ ನೋಡುತ್ತಿದ್ದಳು. ಮೈ ತುಂಬಿಕೊಂಡಿತ್ತು, ಮುಖದಲ್ಲಿ ಚೆನ್ನಾಗಿ ನಿದ್ದೆ ಮಾಡಿದವರ ಕಳೆ ಇತ್ತು. ಕ್ಷಮೆ ಕೇಳಬೇಕೆಂದು ರೈಲಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡು ಬಂದಿದ್ದೆ. ಎರಡನೆಯ ವಾಕ್ಯಕ್ಕೇ ಅವಳು ಕೈ ಎತ್ತಿದಳು.

"ಚಂದ ಮಾತಾಡ್ತಿ ಮಾರಾಯ. ಅದು ಯಾವಾಗಲೂ ಉಂಟಲ್ಲ ನಿನಗೆ. ಊಟ ಮಾಡಿ ಹೋಗು."

ಮನಸ್ಸು ಹಗುರಾಯಿತು. ಊಟ ಮಾಡು ಎಂದಳಲ್ಲ, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ಕೈಕಾಲು ತೊಳೆದು ಬಂದೆ. ಅಡುಗೆಮನೆಯಲ್ಲಿ ದೀಪ ಹಾಕಿರಲಿಲ್ಲ. ಅಕ್ಕ ಫೋನು ಹಿಡಿದು ಕೆಳಗಿನ ಹೋಟೆಲಿಗೆ ಹೇಳುತ್ತಿದ್ದಳು, "ಏಕ್ ರೈಸ್ ಪ್ಲೇಟ್. ಪಾರ್ಸಲ್."

"ಮಮ್ಮಿ ಅಬ್ ಕಿಸೀ ಕೇ ಲಿಯೇ ನಹೀ ಬನಾತೀ," ಎಂದಳು ಸೋದರಸೊಸೆ, ನೆಲ ನೋಡುತ್ತ. ಅಮ್ಮ ಈಗ ಯಾರಿಗೂ ಅಡುಗೆ ಮಾಡುವುದಿಲ್ಲ.

ಪಾರ್ಸಲು ಬಂತು. ಅಕ್ಕ ಅದನ್ನು ಬಿಚ್ಚಿ, ಅನ್ನ, ಸಾರು, ಪಲ್ಯ ಎಲ್ಲವನ್ನೂ ತಟ್ಟೆಗೆ ನೀಟಾಗಿ ಹಾಕಿ ನನ್ನ ಮುಂದಿಟ್ಟಳು, ನೀರು ಕೊಟ್ಟಳು, ಹೋಗಿ ಧಾರಾವಾಹಿಯ ಮುಂದೆ ಕುಳಿತಳು. ಸಾರಿಗೆ ಉಪ್ಪು ಕಡಿಮೆಯಿತ್ತು. ಉಪ್ಪು ಸರಿ ಉಂಟಾ ಎಂದು ಅವಳು ಕೇಳಲಿಲ್ಲ. ನಾನು ತಟ್ಟೆ ಖಾಲಿ ಮಾಡಿದೆ.